ಸದ್ದಿಲ್ಲದ ಬೆಟ್ಟಕ್ಕಾಗಿ ಹುಡುಕಾಟ

ಮೊದಲು ನನಗೆ ಅನುಮಾನ ಬಂದದ್ದು ನಮ್ಮ ಫ್ರಿಜ್ಜಿನ ಮೇಲೆ. ಮನೆಯಲ್ಲಿ ಒಂದು ಸಣ್ಣ, ಎಳೆಯಂಥ ಸದ್ದು ಬಿಡದೆ ಕೇಳುತ್ತಿತ್ತು. ಸಂಗೀತ ಪಾಠ ಹೇಳುವವಳಾದ್ದರಿಂದ ಅದರ ಜಾಗವನ್ನೂ ಗುರುತಿಸಿಟ್ಟಿದ್ದೆ. ನನ್ನ ಶ್ರುತಿಪೆಟ್ಟಿಗೆಯ ಷಡ್ಜಕ್ಕಿಂತ ಎಷ್ಟೋ ಸ್ಥಾಯಿ ಮೇಲೆ, ಪಂಚಮಕ್ಕೂ ಧೈವತಕ್ಕೂ ನಡುವೆ ಎಲ್ಲೋ, ಯಾವ ರಾಗಕ್ಕೂ ಬೇಡದ ಕಡೆ ಅದು ಕೂತಿತ್ತು. ಒಂದು ಮಧ್ಯಾಹ್ನ ಫ್ರಿಜ್ಜಿನ ಪ್ಲಗ್ ಕಿತ್ತೆ. ಸದ್ದು ಹೋಗಲಿಲ್ಲ. ವೈಫೈ ಆರಿಸಿದೆ, ಫ್ಯಾನು ಆರಿಸಿದೆ, ಮಗಳ ಮೀನಿನ ತೊಟ್ಟಿಯ ಪಂಪನ್ನೂ ಆರಿಸಿದೆ. ಆಗಲೂ ಸದ್ದು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ವೈಫೈ ಇಲ್ಲವೆಂದು ರಂಪ ತೆಗೆದದ್ದರಿಂದ ಅವತ್ತಿನ ಪ್ರಯೋಗ ಅಲ್ಲಿಗೇ ನಿಂತಿತು.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಈ ಸದ್ದು ಹೊರಗಿನದೋ ನನ್ನ ಕಿವಿಯೊಳಗಿನದೋ? ತಿಳಿಯಬೇಕಾದರೆ ಏನೂ ಸದ್ದಿಲ್ಲದ ಒಂದು ಜಾಗ ಬೇಕು. ನಾವು ಬಂದು ನೆಲೆಸಿರುವ ಈ ಪರದೇಶದ ಪೆಟಾಲಿಂಗ್ ಜಯಾ ನಗರದಲ್ಲಿ ಅದನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ನಮ್ಮ ಕಾಂಡೊ ಅಪಾರ್ಟ್ಮೆಂಟಿನ ಒಂದು ಪಕ್ಕ ಹೆದ್ದಾರಿ, ಇನ್ನೊಂದು ಪಕ್ಕ ಊರೊಳಗಿನ ರೈಲು, ಎಲ್‌ಆರ್‌ಟಿ. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದರೆ ಅಲ್ಲಿ ಗಾಳಿ ಎಳೆಯುವ ದೊಡ್ಡ ಫ್ಯಾನುಗಳು. ಲೈಬ್ರರಿಗೆ ಹೋದರೆ ಏಸಿ. ದೇವಸ್ಥಾನಕ್ಕೆ ಹೋದರೆ, ಬಿಡಿ, ದೇವರಿಗೇ ಅಲ್ಲಿ ನಿಶ್ಶಬ್ದ ಸಿಕ್ಕಿರಲಿಕ್ಕಿಲ್ಲ. ಎಲ್ಲ ಕಡೆಯೂ ನಾನು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ನಿಂತಿರುತ್ತಿದ್ದೆ. ಪಾರ್ಕಿಂಗಿನ ಕಾವಲುಗಾರ ಎರಡು ಸಲ ಬಂದು ಹುಷಾರಿದ್ದೀರಾ ಎಂದು ವಿಚಾರಿಸಿ ಹೋದ.

ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ. “ಇಷ್ಟೆಲ್ಲ ಒದ್ದಾಟ ಯಾಕೆ? ಕಿವಿ ಡಾಕ್ಟರ್ ಹತ್ರ ಹೋಗು. ಒಂದು ರೂಮಲ್ಲಿ ಕೂರಿಸಿ ಟೆಸ್ಟ್ ಮಾಡ್ತಾರೆ, ಮುಗೀತು,” ಎಂದರು ಅವರು. ಹೇಳುವುದು ಸುಲಭ. ನಮ್ಮ ಕನ್ನಡದವರಿಗೆ ಗೊತ್ತಿರುವ ಡಾಕ್ಟರೆಂದರೆ ಒಬ್ಬರೇ, ಮಣಿಪಾಲದಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರಮ್ಮ. ಯಾವ ಆಸ್ಪತ್ರೆಗೆ ಹೋದರೂ ಅಲ್ಲಿ ಅವರ ಶಿಷ್ಯರೊಬ್ಬರು ಇದ್ದೇ ಇರುತ್ತಾರೆ. ಸಂಗೀತದ ಟೀಚರಿಗೆ ಕಿವಿ ಸರಿಯಿಲ್ಲವಂತೆ ಎಂಬ ಸುದ್ದಿ ಒಂದು ಸಲ ಹೊರಟರೆ ನಾಳೆಯಿಂದ ಯಾವ ತಾಯಿ ನನ್ನ ಹತ್ತಿರ ಮಗುವನ್ನು ಕಳಿಸುತ್ತಾಳೆ? ಇಲ್ಲಿಗೆ ಬಂದಾಗಿನಿಂದ ನನ್ನದು ಎಂದು ನನಗಿರುವುದು ಆ ಶನಿವಾರದ ಪಾಠವೊಂದೇ. ನಡುಮನೆಯಲ್ಲಿ ಚಾಪೆ ಹಾಸಿ, ಕನ್ನಡದ ಮಕ್ಕಳು, ಪಕ್ಕದ ಬ್ಲಾಕಿನ ತಮಿಳು ಮಕ್ಕಳು ಸೇರಿ ಸರಳೆ ಹಾಡುವಾಗ ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ, ಟೀಚರ್ ಅಷ್ಟೆ. ಅದನ್ನು ಕಳೆದುಕೊಂಡೇನೆಂದು ನನಗೆ ತುಂಬ ಭಯವಿತ್ತು.

ಹಾಗಾಗಿ ಬೆಟ್ಟದ ಯೋಚನೆ ಬಂತು. ಬೆಳಗಿನ ಜಾವ ಹೊರಟರೆ ಕ್ಯಾಮೆರಾನ್ ಹೈಲ್ಯಾಂಡ್ಸ್ ತಲುಪಿ, ಒಂದು ಶಿಖರ ಹತ್ತಿ ಇಳಿದು, ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಆದರೆ ಯಾವ ಶಿಖರ? ಮೊಬೈಲಿನ ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಇಲ್ಲಿ ಮೊಬೈಲ್ ಟವರ್, ಅಲ್ಲಿ ತರಕಾರಿ ತೋಟದ ಜನರೇಟರು, ಮತ್ತೊಂದರ ತುದಿಯವರೆಗೂ ಕಾರು ಹೋಗುತ್ತದೆ. ಹತ್ತಿದವರು ಬರೆದಿಟ್ಟ ಅನುಭವಗಳನ್ನು ಒಂದೂ ಬಿಡದೆ ಓದಿದೆ. ‘ದಾರಿ ಕೆಸರು, ನೋಟ ಏನೂ ಇಲ್ಲ, ಒಬ್ಬ ಮನುಷ್ಯನೂ ಸಿಗಲಿಲ್ಲ’ ಎಂದು ಬೈದು ಯಾರೋ ಒಂದೇ ನಕ್ಷತ್ರ ಕೊಟ್ಟಿದ್ದ ಬೆಟ್ಟವನ್ನು ಕಂಡಾಗ ನನಗೆ ಬಂಗಾರ ಸಿಕ್ಕಷ್ಟು ಸಂತೋಷವಾಯಿತು. ಆಮೇಲೆ ಹವಾಮಾನ. ಮಧ್ಯಾಹ್ನದ ಮೇಲೆ ಅಲ್ಲಿ ಮಳೆ ಹಿಡಿಯುತ್ತದೆ, ಅದರೊಳಗೆ ಇಳಿದಿರಬೇಕು. ಉಳಿದವರು ಮಳೆಯನ್ನಷ್ಟೇ ನೋಡುತ್ತಾರೆ. ನಾನು ಗಾಳಿಯನ್ನೂ ನೋಡಬೇಕಿತ್ತು. ಗಾಳಿ ಬೀಸಿದರೆ ಎಲೆಗಳ ಸದ್ದು, ಎಲೆಗಳ ಸದ್ದಿದ್ದರೆ ನನ್ನ ಪರೀಕ್ಷೆ ಹಾಳು. ಬೆಟ್ಟ ಹತ್ತಲು ಹೊರಟವಳು ಕೂತು ಇಂಥದ್ದನ್ನೆಲ್ಲ ಲೆಕ್ಕ ಹಾಕುವುದು ನನಗೇ ನಗು ಬರಿಸುತ್ತಿತ್ತು. ಆದರೂ ಇಷ್ಟು ಕುತೂಹಲದಿಂದ ಏನನ್ನಾದರೂ ಓದಿ ಎಷ್ಟೋ ಕಾಲವಾಗಿತ್ತು.

ಇಷ್ಟು ಜಾಣತನ ತೋರಿಸಿದವಳು ಒಂದು ದಡ್ಡತನವನ್ನೂ ಮಾಡಿದೆ. ನಮ್ಮ ಕನ್ನಡ ಕುಟುಂಬಗಳ ವಾಟ್ಸ್ಯಾಪ್ ಗುಂಪಿನಲ್ಲಿ, ಈ ಬೆಟ್ಟಕ್ಕೆ ಯಾರಾದರೂ ಹೋಗಿದ್ದೀರಾ ಎಂದು ಕೇಳಿಬಿಟ್ಟೆ. ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು. ಹೋಗಿದ್ದವರು ಒಬ್ಬರೂ ಇರಲಿಲ್ಲ, ಹೊರಟವರು ಮಾತ್ರ ಎಲ್ಲರೂ. ನಮ್ಮವರ ಪದ್ಧತಿಯೇ ಹಾಗೆ, ಒಬ್ಬರು ಎಲ್ಲಿಗಾದರೂ ಹೊರಟರೆಂದರೆ ಅವರನ್ನು ಒಂಟಿಯಾಗಿ ಬಿಡುವುದು ಪಾಪ. ಸಂಜೆಯೊಳಗೆ ಬಿಸಿಬೇಳೆಬಾತು ಒಂದು ಮನೆಗೆ, ಮೊಸರನ್ನ ಇನ್ನೊಂದು ಮನೆಗೆ, ಕೋಸಂಬರಿ ಮತ್ತೊಂದು ಮನೆಗೆ ಹಂಚಿಕೆಯಾಯಿತು. ತಮಿಳು ಅಂಗಡಿಯಿಂದ ಮುರುಕ್ಕು ತರುವುದಾಗಿ ಒಬ್ಬರು ಒಪ್ಪಿಕೊಂಡರು. ಬೆಳಗಿನ ತಿಂಡಿ ದಾರಿಯ ಮಾಮಾಕ್ ಹೋಟೆಲಿನಲ್ಲಿ ರೊಟ್ಟಿ, ಬೇಕಾದವರು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಳ್ಳುವುದು. “ತುದೀಲಿ ಅಂತ್ಯಾಕ್ಷರಿ ಆಡೋಣ, ನಾನು ದೊಡ್ಡ ಸ್ಪೀಕರ್ ತರ್ತೀನಿ, ಟೀಚರ್ ಇದ್ದಾರಲ್ಲ!” ಎಂದು ಯಾರೋ ಧ್ವನಿ ಸಂದೇಶ ಕಳಿಸಿದರು. ಜನ ಮರುಳೋ ಜಾತ್ರೆ ಮರುಳೋ. ಗಂಡ ಅದನ್ನು ಎರಡು ಸಲ ಹಾಕಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೇಡವೆನ್ನುವುದು ಹೇಗೆ? ಬೇಡವೆಂದರೆ ಯಾಕೆ ಎನ್ನುತ್ತಾರೆ. ಡಾಕ್ಟರಮ್ಮ ಫೋನ್ ಮಾಡಿ, “ಎಂತ ಮಾರಾಯ್ತಿ, ಅಷ್ಟೊಳ್ಳೆ ಜಾಗ ಎಲ್ಲ ಬಿಟ್ಟು ಯಾರೂ ಹೋಗದ ಗುಡ್ಡೆಗೇ ಹೋಗ್ಬೇಕು ಅಂತ ಉಂಟಲ್ಲ ನಿನಗೆ?” ಎಂದು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು.

“ಸುಮ್ನೆ, ಡಾಕ್ಟ್ರೇ. ಶಾಂತವಾಗಿರತ್ತೆ ಅಂತ.”

“ಜಿಗಣೆ ಉಂಟಾ ಅಲ್ಲಿ?”

ಆ ಪ್ರಶ್ನೆಗೆ ನಾನು ಈಗಲೂ ಋಣಿ. ನಾನು ಓದಿದ್ದರಲ್ಲಿ ಜಿಗಣೆಯ ಮಾತು ಒಂದು ಕಡೆಯೂ ಇರಲಿಲ್ಲ. “ಅಯ್ಯೋ, ಸಿಕ್ಕಾಪಟ್ಟೆ ಇವೆಯಂತೆ. ಮರದಿಂದಾನೂ ಬೀಳ್ತವಂತೆ,” ಎಂದೆ. ಡಾಕ್ಟರಮ್ಮ ಕರಾವಳಿಯವರು, ಜಿಗಣೆಗೆಲ್ಲ ಹೆದರುವ ಪೈಕಿಯಲ್ಲ. ಕಚ್ಚಿದರೆ ಎಷ್ಟು ಹೊತ್ತು ರಕ್ತ ನಿಲ್ಲುವುದಿಲ್ಲ, ಎಲ್ಲೆಲ್ಲಿ ಹತ್ತಿಕೊಳ್ಳುತ್ತದೆ, ಸುಣ್ಣ ಹೇಗೆ ಹಚ್ಚಬೇಕು ಎಂದು ಗುಂಪಿನಲ್ಲಿ ಸವಿಸ್ತಾರವಾಗಿ ಬರೆದು ಎಲ್ಲರಿಗೂ ಧೈರ್ಯ ತುಂಬಿದರು. ಆ ಧೈರ್ಯದ ಪರಿಣಾಮವಾಗಿ ಅವತ್ತು ರಾತ್ರಿ ಊಟದ ಹೊತ್ತಿಗೆಲ್ಲ, ಇಡೀ ಗುಂಪು ಟೀ ತೋಟ ನೋಡಿ, ಸ್ಟ್ರಾಬೆರಿ ಕಿತ್ತು, ಕೆಳಗೇ ಕಾಯುವುದೆಂದು ತೀರ್ಮಾನವಾಯಿತು.

ನಾವು ಹೊರಟ ಭಾನುವಾರ ಗಾಳಿ ಇರಲಿಲ್ಲ. ಬಿಸಿಬೇಳೆಬಾತಿನ ಪಾತ್ರೆ ನಮ್ಮ ಕಾರಿನಲ್ಲೇ ಇದ್ದದ್ದರಿಂದ ಗಂಡ ನನ್ನನ್ನು ಬೆಟ್ಟದ ಬುಡದಲ್ಲಿ ಇಳಿಸಿ ಗುಂಪಿನ ಜೊತೆ ಉಳಿಯಬೇಕಾಯಿತು. ನನ್ನನ್ನು ಒಬ್ಬಳೇ ಕಳಿಸಲು ಅವರಿಗೆ ಮನಸ್ಸಾಗದೆ ಮಗಳನ್ನು ಜೊತೆ ಮಾಡಿದರು. ಹದಿನೈದರ ಹುಡುಗಿ, ಇಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ನಮ್ಮ ಸಂಸಾರ ಹೀಗೆ ನಡೆದಿದೆ. ನನ್ನ ಕಿವಿಯ ವಿಷಯ ಅವಳಿಗೂ ಹೇಳಿರಲಿಲ್ಲ.

ದಾರಿ ಬೈದವರು ಬೈದಷ್ಟೇ ಕೆಟ್ಟದಾಗಿತ್ತು. ಮೊಣಕಾಲೆತ್ತರದ ಬೇರುಗಳನ್ನು ಕೈಯಲ್ಲಿ ಹಿಡಿದು ಹತ್ತಬೇಕು, ಕಾಲಿಟ್ಟಲ್ಲಿ ಕೆಸರು, ಮೇಲೆ ಹೋದಂತೆ ಮರಗಳಿಗೆಲ್ಲ ಪಾಚಿಯ ಹೊದಿಕೆ. ಒಂದೂ ಜಿಗಣೆ ಕಾಣಲಿಲ್ಲ. ತುದಿಯೆಂದರೆ ನಾಲ್ಕು ಜನ ಕೂರುವಷ್ಟು ಬಯಲು, ಸುತ್ತ ಮಂಜು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದು ತಹಬಂದಿಗೆ ಬರುವವರೆಗೆ ಕಾದೆ, ಅದರ ಸದ್ದೂ ಅಡ್ಡ ಬರಬಾರದಲ್ಲ.

“ಸ್ವಲ್ಪ ಹೊತ್ತು ಏನೂ ಮಾತಾಡ್ಬೇಡ ಪುಟ್ಟಾ.”

“ವೈ?”

“ಸುಮ್ನೆ.”

ಕಣ್ಣು ಮುಚ್ಚಿದೆ. ಎಲೆಯಿಂದ ಹನಿ ಬೀಳುವುದು ಕೇಳಿಸಿತು. ಬಹಳ ಕೆಳಗೆ ನೀರು ಹರಿಯುವುದು ಕೇಳಿಸಿತು. ಒಂದು ಹಕ್ಕಿ ಎರಡು ಸಲ ಕೂಗಿ ಸುಮ್ಮನಾಯಿತು. ಅದಾದ ಮೇಲೆ ನಾನು ಇಷ್ಟು ದಿನ ಹುಡುಕಿದ ನಿಶ್ಶಬ್ದ ನಿಜವಾಗಿಯೂ ಬಂತು. ಅದರ ನಟ್ಟನಡುವೆ ಆ ಎಳೆ ಇತ್ತು, ಅದೇ ಜಾಗದಲ್ಲಿ, ಚೂರೂ ಅಲುಗದೆ. ಫ್ರಿಜ್ಜೂ ಅಲ್ಲ, ಪೆಟಾಲಿಂಗ್ ಜಯಾವೂ ಅಲ್ಲ. ಅದನ್ನು ಇಲ್ಲಿಯವರೆಗೆ ಹೊತ್ತು ತಂದವಳು ನಾನೇ. ಹೆದರುತ್ತೇನೆಂದುಕೊಂಡಿದ್ದೆ. ಆದರೆ ಉತ್ತರ ಸಿಕ್ಕಿತಲ್ಲ ಎಂಬ ನೆಮ್ಮದಿಯೇ ಮೊದಲು ಬಂತು. ಇದೊಂದೇ ಆದರೆ ಹೊಂದಿಕೊಂಡು ಹೋದೇನು, ಪಾಠವೂ ನಡೆಸಿಯೇನು ಎನಿಸಿತು. ಕಣ್ಣು ತೆರೆದು ಮಗಳಿಗೆ ಹೇಳಿದೆ, “ಎಷ್ಟು ನಿಶ್ಶಬ್ದವಾಗಿದೆ, ಅಲ್ವಾ?”

ಅವಳು ನಕ್ಕಳು. “ಆರ್ ಯು ಜೋಕಿಂಗ್? ಈ ಹುಳ ಇದೆಯಲ್ಲ, ಸೋ ಲೌಡ್ ಲಾ! ಕಾರ್ ಬಿಟ್ಟಾಗಿಂದ ನಾನ್‌ಸ್ಟಾಪ್. ಐ ಗಾಟ್ ಹೆಡೇಕ್ ಆಲ್ರೆಡಿ.”

“ಯಾವ ಹುಳ?”

ಅವಳು ಕೈಯನ್ನು ಸುತ್ತಲೂ ಆಡಿಸಿದಳು. ಈ ಮರ, ಆ ಮರ, ಎಲ್ಲ ಮರ. ನಾನು ಅತ್ತ ತಿರುಗಿದೆ, ಇತ್ತ ತಿರುಗಿದೆ, ಕಿವಿಯ ಹಿಂದೆ ಅಂಗೈ ಇಟ್ಟು ಆಲಿಸಿದೆ. ಹನಿ, ನೀರು, ನನ್ನ ಎಳೆ. ಅಷ್ಟೇ. ಮಗಳ ಮುಖದ ನಗು ಮೆಲ್ಲಗೆ ಇಳಿಯಿತು.

“ಅಮ್ಮ, ಯು ರಿಯಲಿ ಕಾಂಟ್ ಹಿಯರ್?”

“ಇಲ್ಲ.”

ಆಗ ನನಗೆ ಭಯವಾಯಿತು. ಇಡೀ ಕಾಡು ಕಿರುಚುತ್ತಿರುವಾಗ ನಾನು ಅದರ ನಡುವೆ ಕೂತು ಶಾಂತವಾಗಿದೆ ಎಂದಿದ್ದೆ. ಶನಿವಾರ ನನ್ನೆದುರು ಕೂತು ಹಾಡುವ ಮಕ್ಕಳ ಬಾಯಿಂದ ಹೊರಟದ್ದರಲ್ಲಿ ನನ್ನವರೆಗೆ ಬಂದು ಮುಟ್ಟದೆ ಹೋದದ್ದು ಎಷ್ಟಿರಬಹುದು? ಚೆನ್ನಾಗಿ ಹಾಡಿದೆ ಎಂದು ಬೆನ್ನು ತಟ್ಟುವಾಗ ನಾನು ಏನನ್ನು ಕೇಳಿರಲಿಲ್ಲ?

“ದೆನ್ ವಾಟ್ ಎಲ್ಸ್ ಕಾಂಟ್ ಯು ಹಿಯರ್?” ಎಂದಳು ಮಗಳು. ಸಣ್ಣ ದನಿಯಲ್ಲಿ, ಹೆದರಿಕೊಂಡು.

ಅದು ನನಗೆ ಹೇಗೆ ಗೊತ್ತಿರಬೇಕು? “ನೀನೇ ಹೇಳು. ಈಗ ನಿನಗೆ ಏನೇನು ಕೇಳಿಸ್ತಿದೆ, ಒಂದೊಂದಾಗಿ ಎಲ್ಲ ಹೇಳು.”

ಅವಳು ಕಣ್ಣು ಮುಚ್ಚಿಕೊಂಡಳು. ನೀರು ಎಂದಳು. ಇದೆ ಎಂದೆ. ಹನಿ ಎಂದಳು. ಇದೆ ಎಂದೆ. ಪೊದೆಯೊಳಗೆ ಚಿಕ್ಕ ಹಕ್ಕಿಯೊಂದು ಚುಯ್ ಚುಯ್ ಎನ್ನುತ್ತಿದೆ ಎಂದಳು. ಇಲ್ಲ ಎಂದೆ. ಕಿವಿಯ ಹತ್ತಿರ ಸೊಳ್ಳೆ ಎಂದಳು. ಇಲ್ಲ ಎಂದೆ. ತನ್ನ ಜಾಕೆಟ್ಟಿನ ಜಿಪ್ಪನ್ನು ಮೆಲ್ಲಗೆ ಎಳೆದು, ಇದು ಎಂದು ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಜಿಪ್ಪನ್ನು ಅರ್ಧಕ್ಕೇ ಬಿಟ್ಟಳು.

“ನಿಲ್ಲಿಸ್ಬೇಡ, ಹೇಳು,” ಎಂದೆ.

ಅವಳು ಸರಿದು ನನಗೆ ಒತ್ತಿ ಕೂತು, ಬಾಯನ್ನು ನನ್ನ ಕಿವಿಯ ಹತ್ತಿರ ತಂದು, ಮುಂದಿನದನ್ನು ಹೇಳಿದಳು.