ಇನ್ನೊಂದು ದಡಿ

ಚಿತ್ರಪುಸ್ತಕಗಳ ಬಗ್ಗೆ ಮಾತಾಡಲು ಕರೆದರೆ ಮೊದಲೆಲ್ಲ ನಾನು ಕುಣಿಯುತ್ತ ಹೋಗುತ್ತಿದ್ದೆ. ಹುನ್ನೂರಿನ ಹತ್ತಿರದ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ಆಗೀಗ ಜಮಖಂಡಿಯಲ್ಲಿ ತರಬೇತಿ ನಡೆದಾಗ ಬೇರೆ ಶಿಕ್ಷಕರ ಮುಂದೆ ನಿಂತು, ಪುಟದಲ್ಲಿ ಚಿತ್ರ ಎಲ್ಲಿ ಕೂತರೆ ಕಥೆ ಏನಾಗುತ್ತದೆ ಎಂದು ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಕೇಳುವವರು ಊಟದ ಹೊತ್ತಾಯಿತೇ ಎಂದು ಬಾಗಿಲ ಕಡೆ ನೋಡುತ್ತಿರುತ್ತಾರೆ. ನಾನು ಬಿಡುವವಳಲ್ಲ. ಈ ಸಲ ಮಾತ್ರ ಕರೆ ಬಂದಾಗ, ಬಸ್ಸಿನಲ್ಲಿ ಜಾಗ ಸಿಗದೆ ನಿಂತಿದ್ದವಳು ‘ಆತರಿ, ಬರ್ತೀನಿ’ ಎಂದು ಫೋನು ಇಟ್ಟು, ಕಂಬಿಗೆ ಹಣೆ ಆನಿಸಿ ಕಣ್ಣು ಮುಚ್ಚಿದೆ.

ಅವ್ವನಿಗೆ ಲಕ್ವಾ ಹೊಡೆದ ಮೇಲೆ ನನ್ನ ಸಂಜೆಗಳೆಲ್ಲ ಬಸ್ಸಿನಲ್ಲೇ ಸವೆದುಹೋಗುತ್ತಿದ್ದವು. ಶಾಲೆ ಬಿಟ್ಟು ಜಮಖಂಡಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ರಬಕವಿಗೆ. ಅವ್ವ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಮಾತು ಹೋಗಿರಲಿಲ್ಲ, ಅದೊಂದು ಪುಣ್ಯ. ಎಡಗೈ ಎಡಗಾಲು ಸೋತಿದ್ದವು. ಅದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿ ನಮಗೆ ತಿಳಿದದ್ದು ಊಟದ ಹೊತ್ತಿನಲ್ಲಿ. ಅವ್ವ ಗಂಗಾಳದ ಬಲಗಡೆ ಇದ್ದ ರೊಟ್ಟಿ ತಿಂದು ಮುಗಿಸಿ, ಎಡಗಡೆ ಬದನೆಕಾಯಿ ಪಲ್ಯ ಇದ್ದ ಹಾಗೇ ಇರುವಾಗ, ‘ಪಲ್ಯಾನ ಹಾಕಿಲ್ಲಲ್ಲ ನೀವು’ ಎಂದು ಸಿಟ್ಟಾದಳು.

ಡಾಕ್ಟರು ನೋಡಿ, ‘ಕಣ್ಣಿಗೇನೂ ಆಗಿಲ್ಲರಿ. ಎಡಗಡಿ ಅನ್ನೂದೊಂದು ಐತಿ ಅನ್ನೂದನ್ನ ಮೆದುಳು ಮರತೈತಿ’ ಎಂದರು. ಮರೆತದ್ದನ್ನು ನೆನಪಿಸುತ್ತ ಇರಬೇಕಂತೆ. ಗಂಗಾಳ ತಿರುಗಿಸಿ ಕೊಡಬಾರದು, ಅವಳೇ ತಿರುಗಬೇಕು. ಮಾತಾಡಿಸುವವರು ಎಡಗಡೆಯೇ ಕೂರಬೇಕು. ಹೇಳಿಕೊಡುವುದನ್ನೇ ಉದ್ಯೋಗ ಮಾಡಿಕೊಂಡ ನಾನು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಬಂದೆ.

ತಮ್ಮನ ಹೆಂಡತಿಗೆ ಅದು ಒಗ್ಗಲಿಲ್ಲ. ಇಡೀ ದಿನ ಅವ್ವನನ್ನು ಎತ್ತಿ ಕೂರಿಸುವವಳು ಅವಳು. ‘ಅಕ್ಕಾ, ಗಂಗಾಳ ತಿರುವಿ ಇಟ್ಟರ ಏನ ಗಂಟ ಹೋಗತೈತ್ರಿ? ಹಸಕೊಂಡ ಕುಂಡ್ರೂದಕ್ಕಿಂತ ಛಲೋ ಅಲ್ಲೇನು?’ ಎನ್ನುವಳು. ಅವಳು ಹೇಳುವುದೂ ಖರೆಯೇ. ನಾನಿಲ್ಲದಾಗ ಅವಳು ತಿರುಗಿಸಿಯೇ ಇಡುತ್ತಿದ್ದಳು, ಅದು ನನಗೂ ಗೊತ್ತಿತ್ತು.

ಹೀಗೆ ನಾನು ದೀಪಾವಳಿಯಿಂದ ಅವ್ವನ ಎಡಗಡೆ ಕುರ್ಚಿ ಹಾಕಿಕೊಂಡು ಕೂತೆ, ಹೋಳಿ ಹುಣ್ಣಿಮೆ ಹೋದರೂ ಅಲ್ಲೇ ಇದ್ದೆ. ನಾನು ಮಾತಾಡಿದರೆ ಅವ್ವ ಉತ್ತರ ಕೊಡುತ್ತಿದ್ದಳು, ಆದರೆ ಬಲಗಡೆ ಇದ್ದ ತಮ್ಮನ ಹೆಂಡತಿಯ ಮುಖ ನೋಡಿ ಕೊಡುತ್ತಿದ್ದಳು. ದನಿ ಯಾರದಾದರೇನು, ಅವಳ ಪಾಲಿಗೆ ಲೋಕ ಬಲಗಡೆಗಷ್ಟೇ ಇತ್ತು. ಒಂದು ಸಂಜೆ ಅವಳ ಎಡಗೈ ನನ್ನ ಎರಡೂ ಕೈಗಳ ನಡುವೆ ಇರುವಾಗ, ‘ಅಕಿ ಇನ್ನೂ ಸಾಲಿಂದ ಬಂದಿಲ್ಲೇನ?’ ಎಂದು ನನ್ನ ಬಗ್ಗೆ ನನ್ನನ್ನೇ ಕೇಳಿದಳು, ಆಚೆ ಮುಖ ಮಾಡಿ. ಎದ್ದು ಹೋಗಿ ಬಲಗಡೆ ಕೂತುಬಿಡೋಣ, ಡಾಕ್ಟರ ಮಾತು ಹಾಳಾಗಲಿ, ಒಮ್ಮೆ ಅವಳು ನನ್ನನ್ನು ನೋಡಲಿ ಎನಿಸಿತು. ಏಳಲೂ ತ್ರಾಣವಿರಲಿಲ್ಲ. ಪಕ್ಕದ ಓಣಿಯ ಮಗ್ಗಗಳ ಖಟಖಟ ಕೇಳುತ್ತ ಅಲ್ಲೇ ಕೂತಿದ್ದೆ.

ತರಬೇತಿಯ ತಯಾರಿಗೆ ಬೇರೆ ಹೊತ್ತು ಸಿಗದೆ ನಾನು ಪುಸ್ತಕವನ್ನು ಅವ್ವನ ಹಾಸಿಗೆಗೇ ತಂದೆ. ನನಗೆ ಬಹಳ ಸೇರುವ ಪುಸ್ತಕ ಅದು. ಬಣ್ಣ ತುರುಕಿ, ಕೊನೆಗೆ ನೀತಿ ಹೇಳಿ, ಮಕ್ಕಳ ಕಿವಿ ಹಿಂಡುವ ಪುಸ್ತಕಗಳನ್ನು ಕಂಡರೆ ನನಗೆ ಆಗುವುದಿಲ್ಲ. ಇದರಲ್ಲಿ ಒಬ್ಬ ಮುದುಕಿ ಕಳೆದುಹೋದ ಕುರಿಮರಿಯನ್ನು ಹುಡುಕುತ್ತಾಳೆ, ಅಷ್ಟೇ. ಮುದುಕಿ ಯಾವಾಗಲೂ ಬಲಪುಟದಲ್ಲಿ, ಪುಟ ತಿರುಗುವ ಅಂಚಿನತ್ತ ಮುಖ ಮಾಡಿ ನಡೆಯುತ್ತಾಳೆ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುವುದರಿಂದ ಅವಳು ಮುಂದೆ ಹೋಗುತ್ತಿದ್ದಾಳೆ ಎಂದು ಮಗುವಿಗೂ ತಿಳಿಯುತ್ತದೆ. ಮರಿಯೋ ಎಡಪುಟದಲ್ಲಿ, ಅವಳ ಬೆನ್ನ ಹಿಂದೆಯೇ ಬರುತ್ತಿರುತ್ತದೆ. ಬರೆದ ಮಾತುಗಳಲ್ಲಿ ಮರಿಯ ಸುದ್ದಿಯೇ ಇಲ್ಲ. ‘ಬಾವಿಯ ಹತ್ತಿರ ಇಲ್ಲ, ಬೇಲಿಯ ಹತ್ತಿರ ಇಲ್ಲ’ ಎಂದಷ್ಟೇ ಮಾತು. ಇದೆ ಎಂದು ಹೇಳುವುದು ಚಿತ್ರ. ಎರಡರ ಜಗಳದಲ್ಲಿ ನಗು ಹುಟ್ಟುತ್ತದೆ. ನನ್ನ ತರಗತಿಯ ಮಕ್ಕಳು ‘ಹಿಂದ ನೋಡಬೇ ಮುದಕಿ’ ಎಂದು ಕೂಗಿ ಉರುಳಾಡುತ್ತಾರೆ.

ಇನ್ನೂ ಎರಡು ಪುಟಗಳಿವೆ, ಬರೆದವರ ಜಾಣತನಕ್ಕೆ ನಾನು ಸೋತದ್ದು ಅಲ್ಲಿ. ಒಂದರಲ್ಲಿ ಹದ್ದು ಮೇಲಿನಿಂದ ನೋಡಿದ ಹಾಗೆ ಹೊಲಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ. ಮುದುಕಿ ಒಂದು ಚುಕ್ಕೆ, ಮರಿ ಇನ್ನೊಂದು ಚುಕ್ಕೆ, ನಡುವೆ ಅಂಗೈ ಅಗಲದ ದಾರಿ. ಇನ್ನೊಂದರಲ್ಲಿ ನೋಟ ದಡಕ್ಕನೆ ನೆಲಕ್ಕಿಳಿದು ಮರಿಯ ಕಣ್ಣಿಗೆ ಬರುತ್ತದೆ. ಎಡಪುಟದಲ್ಲಿ ಹಿಂದಿನಿಂದ ಕಾಣುವ ಮರಿಯ ತಲೆ, ಕಿವಿ; ಬಲಪುಟದಲ್ಲಿ ಮುದುಕಿಯ ಮುಖವಿಲ್ಲ, ಹಿಮ್ಮಡಿ ಮತ್ತು ಸೀರೆಯ ದಡಿ ಮಾತ್ರ. ಸಣ್ಣ ಜೀವಕ್ಕೆ ಅವ್ವ ಅಂದರೆ ಅಷ್ಟೇ ಕಾಣುತ್ತದಲ್ಲ. ಕಟ್ಟಕಡೆಯ ಪುಟದಲ್ಲಿ ಮುದುಕಿ ಮೊದಲ ಸಲ ಎಡಕ್ಕೆ ತಿರುಗುತ್ತಾಳೆ. ಅಷ್ಟು ಪುಟ ಬಲಕ್ಕೇ ನಡೆಸಿ, ಆ ಒಂದು ತಿರುವಿಗಾಗಿ ಪುಸ್ತಕವನ್ನೇ ಕಟ್ಟಿದ್ದಾರೆ.

ಇದನ್ನೆಲ್ಲ ನಾನು ಅವ್ವನ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡುತ್ತ ಪುಟ ತಿರುಗಿಸಿದೆ. ಅವ್ವ ಗಮನವಿಟ್ಟು ನೋಡಿದಳು. ನಗಲಿಲ್ಲ. ಕೊನೆಯ ಪುಟ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

‘ಪಾಪ, ಹುಡುಕಿ ಹುಡುಕಿ ಸಾಕಾದ್ಲು. ಸಿಗಲೇ ಇಲ್ಲಲ್ಲ ಅಕಿಗೆ’ ಎಂದಳು.

ಎಡಪುಟ ಅವಳ ಪಾಲಿಗೆ ಇರಲೇ ಇಲ್ಲ. ಎರಡು ಪುಟ ಕೂಡುವ ನಡುವಿನ ಮಡಿಕೆಯ ಹತ್ತಿರ ಅವಳ ಲೋಕ ಮುಗಿದಿತ್ತು. ನನ್ನ ಮಕ್ಕಳು ಬಿದ್ದು ಬಿದ್ದು ನಗುವ ಕಥೆ ಅವ್ವನಿಗೆ, ಒಬ್ಬಂಟಿ ಹೆಂಗಸೊಬ್ಬಳು ಊರೆಲ್ಲ ಅಲೆದು ಬರಿಗೈಯಲ್ಲಿ ನಿಂತ ಕಥೆಯಾಗಿತ್ತು. ಮರಿ ಅಲ್ಲೇ ಇತ್ತು. ನಾನೂ ಅಲ್ಲೇ ಇದ್ದೆ. ನನಗೆ ಬಹಳ ದುಃಖವಾಯಿತು, ಅದನ್ನು ಬೇರೆ ಹೇಗೂ ಹೇಳಲಾರೆ.

‘ಎಡಕ್ಕ ನೋಡ ಬೇ’ ಎಂದೆ. ‘ನೋಡಾಕತ್ತೇನಲ್ಲ’ ಎಂದಳು ಬಲಕ್ಕೆ ನೋಡುತ್ತ. ಎಡಪುಟದ ಅಂಚಿಗೆ ಕೆಂಪು ಗೆರೆ ಎಳೆಯಿರಿ, ಆ ಗೆರೆ ಸಿಗುವ ತನಕ ಹುಡುಕಲು ಹೇಳಿ ಎಂದು ಡಾಕ್ಟರು ಹೇಳಿದ್ದರು. ಎಳೆದೆ. ಕೆಂಪು ಗೆರೆ ಎಲ್ಲಿ ಎಂದರೆ, ‘ನಿನ್ನ ಗೆರಿ ತಗೊಂಡ ನಾ ಏನ ಮಾಡ್ಲಿ’ ಎಂದು ಕಣ್ಣು ಮುಚ್ಚಿದಳು. ಗೆರೆ ಹುಡುಕುವ ಕೆಲಸ ಅವಳು ಹುಟ್ಟಿದಾಗಿನಿಂದ ಮಾಡಿದವಳಲ್ಲ.

ಅವಳು ಮಾಡಿದ ಕೆಲಸ ಬೇರೆ. ಮಗ್ಗದಿಂದ ಇಳಿದ ಸೀರೆಗಳನ್ನು ಅವ್ವ ಆಯುಷ್ಯವೆಲ್ಲ ಮಡಚಿದ್ದಾಳೆ. ಮಡಚಲು ಎದುರಿಗೆ ಒಬ್ಬರು ಬೇಕು. ಸಣ್ಣವಳಿದ್ದಾಗ ಆ ಒಬ್ಬಳು ನಾನು. ‘ದಡಿಗೆ ದಡಿ ಹಚ್ಚ’ ಎನ್ನುತ್ತಿದ್ದಳು. ಸೀರೆಯ ಎರಡು ಅಂಚು ಒಂದರ ಮೇಲೊಂದು ಕೂತರೆ ಮಾತ್ರ ಮಡಿಕೆ ಸರಿ, ಒಂದೆಳೆ ಆಚೀಚೆಯಾದರೂ ಬಿಚ್ಚಿ ಮತ್ತೆ ಮೊದಲಿನಿಂದ. ಕೈ ಸೋತು ನಾನು ಅತ್ತರೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ತಮ್ಮನ ಹೆಂಡತಿ ಒಬ್ಬಳೇ ತನ್ನ ಸೀರೆ ಮಡಚುತ್ತಿದ್ದಾಗ, ಮಲಗಿದ್ದಲ್ಲಿಂದಲೇ ಅವ್ವ ಅದನ್ನೇ ಅಂದಳು: ‘ದಡಿಗೆ ದಡಿ ಹಚ್ಚ. ಹಂಗ ಗಂಟ ಕಟ್ಟಬ್ಯಾಡ.’

ಹರಿದ ಹಳೆಯ ಸೀರೆಯೊಂದರ ದಡಿ ಕತ್ತರಿಸಿ ಎರಡು ಪಟ್ಟಿ ಮಾಡಿದೆ. ಮರಿಯ ಕಣ್ಣಿನಿಂದ ಕಾಣುವ ಆ ಪುಟ ತೆರೆದು, ಬಲ ಅಂಚಿಗೆ ಒಂದು, ಎಡ ಅಂಚಿಗೆ ಒಂದು ಅಂಟಿಸಿದೆ. ಶಾಲೆಯ ಪುಸ್ತಕ, ಕೇಳಿದರೆ ಏನು ಹೇಳುವುದೋ ಆಮೇಲೆ ನೋಡಿದರಾಯಿತು ಎಂದುಕೊಂಡೆ. ಪುಸ್ತಕವನ್ನು ತೆರೆದ ಹಾಗೇ ಅವ್ವನ ತೊಡೆಯ ಮೇಲಿಟ್ಟು, ಎಂದಿನಂತೆ ಎಡಗಡೆ ಕೂತೆ.

ಅವ್ವನ ಬಲಗೈ ಬಲಗಡೆಯ ದಡಿಯ ಮೇಲೆ ಹೋಯಿತು. ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ‘ರೇಶಿಮಿ ಅಲ್ಲ ಇದು’ ಎಂದಳು. ಮತ್ತೊಮ್ಮೆ ಉಜ್ಜಿ, ‘ಇನ್ನೊಂದು ದಡಿ ಎಲ್ಲೈತಿ?’ ಎಂದಳು.

ಒಂದೇ ದಡಿಯ ಸೀರೆ ಅವಳ ಲೋಕದಲ್ಲಿ ಇರಲಾರದು. ಕೈ ಪುಟದ ಮೇಲೆ ಸರಿಯಿತು, ಬಟ್ಟೆಯ ಅಗಲ ಅಳೆಯುವವರ ಹಾಗೆ ನಿಧಾನ. ಮುದುಕಿಯ ಹಿಮ್ಮಡಿ ದಾಟಿತು. ನಡುವಿನ ಮಡಿಕೆಗೆ ಬಂದು ನಿಂತಿತು. ಅಲ್ಲಿಂದ ತಿರುಗಿ ಹೋಗುತ್ತದೆ ಎಂದುಕೊಂಡೆ. ‘ಇರಾಕ ಬೇಕಲ್ಲ’ ಎಂದು ಗೊಣಗಿ ಅವ್ವ ಮಡಿಕೆ ದಾಟಿದಳು. ಕೈಯ ಹಿಂದೆ ಕಣ್ಣು, ಕಣ್ಣಿನ ಹಿಂದೆ ಕುತ್ತಿಗೆ ತಿರುಗುತ್ತ ಬಂತು. ಬೆರಳು ಮರಿಯ ಕಿವಿಯ ಮೇಲೆ ನಿಂತಿತು.

‘ಇಲ್ಲೇ ಐತಲ್ಲ ಮೂಳ’ ಎಂದಳು, ನಗುತ್ತ. ‘ಬೆನ್ನಿಗೇ ಐತಿ, ಈ ಮುದಕಿ ಹುಚ್ಚರಂಗ ಊರೆಲ್ಲ ತಿರಗತಾಳ.’

ಬೆರಳು ಇನ್ನೂ ಸರಿದು ಎಡಗಡೆಯ ದಡಿಗೆ ಮುಟ್ಟಿತು. ದಡಿಯ ಆಚೆ, ಪುಸ್ತಕ ಹಿಡಿದಿದ್ದ ನನ್ನ ಕೈ ಇತ್ತು. ಅದನ್ನು ಮುಟ್ಟಿ, ಯಾರದೆಂದು ನೋಡಲು ಮುಖ ಎತ್ತಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವ್ವ ನನ್ನನ್ನು ನೋಡಿದಳು.

‘ಎಷ್ಟ ಸೊರಗೀಯಲ್ಲ ಯವ್ವಾ’ ಎಂದಳು. ‘ಯಾವಾಗ ಬಂದಿ?’

‘ಈಗ ಬಂದ್ನಿ ಬೇ’ ಎಂದೆ.