ಟೀಚರ್ ಕಲಿಸದ ತಿರುವು

ಮದುವೆಯಾಗಿ ಮದ್ರಾಸಿಗೆ ಬಂದ ಹೊಸದರಲ್ಲಿ ನಾವು ಗಂಡ ಹೆಂಡತಿ ಮಾತಾಡಿದ್ದೇ ಕಡಿಮೆ. ವೆಸ್ಟ್ ಮಾಂಬಲಂನ ಪುಟ್ಟ ಮನೆಯಲ್ಲಿ ಅತ್ತೆ ಸದಾ ಇರುತ್ತಿದ್ದರು. ನನಗೆ ಬ್ಯಾಂಕಿನ ಕೆಲಸ, ನನ್ನ ಗಂಡ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಯಾವುದೋ ಪಾರ್ಟಿಯಲ್ಲಿ ಜೋಡಿಗಳು ತಬ್ಬಿಕೊಂಡು ಆಡುವ ಟ್ಯಾಂಗೋ ಡ್ಯಾನ್ಸ್ ನೋಡಿ ಮರುಳಾಗಿ, "ನಾವೂ ಕಲಿಯೋಣ ಕಣೇ" ಅಂದರು. ಶನಿವಾರ ಸಂಜೆ ಅತ್ತೆಗೆ ಸಿನಿಮಾ ಅಂತ ಹೇಳಿ ಪೆರಂಬೂರಿಗೆ ಹೋಗತೊಡಗಿದೆವು.

ಅಲ್ಲಿ ವಯಸ್ಸಾದ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರು, ನಮ್ಮ ಟೀಚರ್, ತಮ್ಮ ಮನೆಯ ಹಜಾರದ ಕುರ್ಚಿಗಳನ್ನು ಗೋಡೆಗೆ ಸರಿಸಿ, ರೆಕಾರ್ಡ್ ಹಾಕಿ ಕಲಿಸುತ್ತಿದ್ದರು. ಮೊದಮೊದಲು ನನ್ನ ಗಂಡ ನನ್ನನ್ನು ಬೀರು ಸರಿಸಿದ ಹಾಗೆ ಸರಿಸುತ್ತಿದ್ದರು. "ತಳ್ಳಾದೆ, ಮ್ಯಾನ್!" ತಳ್ಳಬೇಡ ಅಂತ ಟೀಚರ್ ತಮಿಳಿನಲ್ಲೇ ಗದರುತ್ತಿದ್ದರು. ಕೈ ಸುಮ್ಮನಿರಲಿ, ಎದೆ ಮೊದಲು ಹೊರಡಲಿ, ಅವಳ ಭಾರ ಯಾವ ಕಾಲಿನ ಮೇಲಿದೆ ಅಂತ ತಿಳಿದು ಹೆಜ್ಜೆ ಇಡು ಎನ್ನುತ್ತಿದ್ದರು. ನನಗೆ ಮಾತ್ರ, ಊಹಿಸಬೇಡ, ಅವನು ಹೇಳುವ ತನಕ ಕಾಯುತ್ತಿರು ಎಂದಷ್ಟೇ.

ಕೆಲವು ತಿಂಗಳಲ್ಲಿ ಗಂಡನ ಮೈ ಹೇಳುವುದು ನನಗೆ ತಿಳಿಯತೊಡಗಿತು. ಹೆಜ್ಜೆಗೆ ಮುಂಚೆ ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದರು. ತಿರುಗುವ ಮೊದಲು ನನ್ನ ಬೆನ್ನ ಮೇಲಿನ ಅಂಗೈ ಒತ್ತದೆ ಸುಮ್ಮನೆ ಬೆಚ್ಚಗೆ ನಿಲ್ಲುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ನಡೆಯುತ್ತಿದ್ದೆ. ಮನೆಯಲ್ಲಿ ಆಡಲಾಗದ ಮಾತೆಲ್ಲ ಅಲ್ಲಿ ಆಡಿದ ಹಾಗಾಗುತ್ತಿತ್ತು.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಕಾರ್ಖಾನೆಯ ಕೆಲಸ ಹೆಚ್ಚಾಯಿತೆಂದು ಎಷ್ಟೋ ಶನಿವಾರ ತಪ್ಪಿದವು. ತುಂಬ ದಿನದ ಮೇಲೆ ಹೋದಾಗ, ಕುಣಿತದ ನಡುವೆ ಅವರು ತಟ್ಟನೆ ನಿಂತರು. ಮಂಡಿ ಮಡಿಸಿ, ಎದೆಯನ್ನು ಒಂದಿಷ್ಟೇ ಎಡಕ್ಕೆ ತಿರುಗಿಸಿ, ಕಾದರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೊಸದನ್ನು ಮಾಡಿ ನೋಡುವವರು ಹಾಗೆ ಕಾಯುವುದಿಲ್ಲ. ಪ್ರತಿ ಸಲ ಉತ್ತರ ಸಿಕ್ಕಿ ರೂಢಿಯಾದ ಮೈ ಹಾಗೆ ಕಾಯುತ್ತದೆ. ಆ ಉತ್ತರ ಕೊಡುತ್ತಿದ್ದವಳು ನಾನಲ್ಲ.

"ಇದನ್ನು ನಾನು ಕಲಿಸಿಲ್ಲವಲ್ಲ!" ಎಂದು ಟೀಚರ್ ನಕ್ಕರು. ನನ್ನ ಗಂಡ ನನ್ನ ಬೆನ್ನಿನಿಂದ ಕೈ ತೆಗೆದುಬಿಟ್ಟರು.

ವಾಪಸಾಗುವಾಗ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೇಳಿದೆ, "ಯಾರ್ರೀ ಅವಳು?"

"ಯಾರು?"

"ನಿಮ್ ಜೊತೆ ಡ್ಯಾನ್ಸ್ ಮಾಡ್ತಾಳಲ್ಲ, ಅವಳು."

ಒಂದು ಗಾಡಿ ಬಂದು ಹೋಯಿತು. ನಾವು ಹತ್ತಲಿಲ್ಲ.

"ನಮ್ ಆಫೀಸಿನವಳು," ಎಂದರು. "ಬರೀ ಡ್ಯಾನ್ಸ್ ಅಂತಲೇ ಶುರುವಾದದ್ದು ಕಣೇ."

"ಬಿಡ್ತೀರಾ?"

ಅವರು ಹಳಿಗಳನ್ನೇ ನೋಡುತ್ತ ಕೂತರು. ನನಗೆ ಅಷ್ಟೇ ಸಾಕಾಯಿತು.

ಆ ವರ್ಷವೇ ಅವರು ಅವಳ ಜೊತೆ ಅಂಬತ್ತೂರಿನ ಕಡೆ ಮನೆ ಮಾಡಿದರು. ಅತ್ತೆ ಹೋಗಲಿಲ್ಲ, ನನ್ನ ಹತ್ತಿರವೇ ಉಳಿದರು. "ಬರ್ತಾನೆ ಬಿಡಮ್ಮ, ನೀ ಮೊದ್ಲು ಸಾಪಾಟು ಮುಗಿಸು," ಎಂದು ದಿನವೂ ಊಟದ ತಟ್ಟೆ ಮುಂದಿಡುತ್ತಿದ್ದರು. ಅವರು ಬರಲಿಲ್ಲ. ಒಮ್ಮೆ ಒಬ್ಬಳೇ ಟೀಚರ್ ಮನೆಗೆ ಹೋದೆ. ಅವರೇ ಗಂಡಸಿನ ಜಾಗದಲ್ಲಿ ನಿಂತು ನನ್ನನ್ನು ನಡೆಸಲು ನೋಡಿದರು. ಅವರ ಎದೆ ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೂ ಕಾಲು ಕೀಳಲಾಗಲಿಲ್ಲ. ಅವರ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ.

ಅತ್ತೆ ತೀರಿಕೊಂಡಾಗ ನನ್ನ ಗಂಡ ಬಂದರು. ತಿಥಿಯ ಕೆಲಸವೆಲ್ಲ ಮುಗಿದ ಮೇಲೆ ಬಾಗಿಲ ಬಳಿ ನಿಂತು, "ಒಬ್ಬಳೇ ಇರ್ತೀಯಾ?" ಎಂದು ಕೇಳಿದರು.

"ಇರ್ತೀನಿ," ಎಂದೆ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು.