ಒಂದು ಗ್ಲಾಸು ಕಡಿಮೆ ಬಿದ್ದ ಭಾನುವಾರ

ಸುಳ್ಳು ಸುದ್ದಿ ಎಂದುಕೊಂಡು ಫೋನ್ ಇಟ್ಟುಬಿಟ್ಟೆ...
ಆಮೇಲೆ ನಾನೇ ತಿರುಗಿ ಫೋನ್ ಮಾಡಿದೆ.
ಆ ಕಡೆ ಎಸ್ತೇರ್ ಅಕ್ಕ.
"ಹೌದವ್ವಾ... ಮುಂಜಾನೆ ಚಹಾ ತಗೊಂಡು ಹೋದೆ. ಏಳಲೇ ಇಲ್ಲ."

ಅವರ ಯಜಮಾನರು, ನಮ್ಮೆಲ್ಲರ ಸಾಮ್ಯುವೆಲ್ ಅಣ್ಣ, ಇನ್ನಿಲ್ಲ.

ನಿನ್ನೆ ಸಂಜೆ ಪ್ರತಾಪ ನಗರದ ತರಕಾರಿ ಅಂಗಡಿಯಲ್ಲಿ ಸಿಕ್ಕಿದ್ದರು. ನನ್ನ ಡ್ರೈವಿಂಗ್ ಬಗ್ಗೆ ಎಂದಿನಂತೆ ಗೇಲಿ ಮಾಡಿ ಹೋದರು.
ಹಾರ್ಟ್ ವೀಕ್ ಇದೆ ಅಂತ ಗೊತ್ತಿತ್ತು... ಆದರೂ...

ಗೊತ್ತಿಲ್ಲದ ಸ್ನೇಹಿತರಿಗೆ ಹೇಳುತ್ತೇನೆ.
ಅಣ್ಣ ಬೆಟಗೇರಿಯವರು. ರೈಲು ಬೋಗಿ ರಿಪೇರಿ ಶೆಡ್ಡಿನಲ್ಲಿ ದುಡಿದು ಈ ಮರಾಠಿ ಊರಲ್ಲೇ ರಿಟೈರ್ ಆದವರು.
ನಾನು ಮೈಸೂರಿನಿಂದ ಟ್ರಾನ್ಸ್‌ಫರ್ ಆಗಿ ಬಂದ ಬ್ಯಾಂಕಿನವಳು.
ಕಾಮಠಿಯ ಒಂದು ಮರಾಠಿ ಚರ್ಚಿನವರು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ನಮ್ಮ ಕನ್ನಡ ಆರಾಧನೆಗೆ ಜಾಗ ಕೊಡುತ್ತಾರೆ. ನನ್ನ ಕಾರಿನಲ್ಲೇ ಹೋಗಿ ಬರುತ್ತಿದ್ದೆವು.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ರಸ ತಯಾರಿಸುವುದು ಅಣ್ಣನದೇ ಕೆಲಸ.
ಶುಕ್ರವಾರ ರಾತ್ರಿಯೇ ಕಪ್ಪು ಒಣದ್ರಾಕ್ಷಿ ನೆನೆ ಹಾಕುವುದು, ಮರುದಿನ ಕುದಿಸುವುದು, ಬಟ್ಟೆಯಲ್ಲಿ ಸೋಸುವುದು... ಪುಟ್ಟ ಪುಟ್ಟ ಗಾಜಿನ ಗ್ಲಾಸುಗಳಿಗೆ ತುಂಬಿ ಟ್ರೇಯಲ್ಲಿ ಜೋಡಿಸುವುದು. ಮುಗಿದ ಮೇಲೆ ತೊಳೆದು ಒರೆಸಿ ಇಡುವುದೂ ಅವರೇ.

ಆದರೆ ತಾವು ಮಾತ್ರ ಒಂದು ದಿನವೂ ರೊಟ್ಟಿ ತಗೊಂಡವರಲ್ಲ, ಕುಡಿದವರಲ್ಲ.
ಬಂದವರ ತಲೆ ಎಣಿಸಿ ತುಂಬುವಾಗ ತಮ್ಮ ತಲೆಯನ್ನು ಎಣಿಸುತ್ತಲೇ ಇರಲಿಲ್ಲ.
ನಾವೆಲ್ಲ ಅದನ್ನು ವಿನಯ ಅಂದುಕೊಂಡಿದ್ದೆವು...

ಕಾರಣ ಗೊತ್ತಾಗಿದ್ದು ಮೊನ್ನೆ ಬೇಸಿಗೆಯಲ್ಲಿ. ಅಣ್ಣನೇ ಸಭೆಯ ಮುಂದೆ ನಿಂತು ಹೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಅಣ್ಣ ವಯಸ್ಸಿನಲ್ಲಿದ್ದಾಗ, ಶೆಡ್ಡಿನಲ್ಲಿ ಒಂದು ಬೋಗಿಯ ಕೆಳಗೆ ವಿಠ್ಠಲ್ ಅನ್ನೋ ಜೊತೆಗಾರ ಕೆಲಸ ಮಾಡುತ್ತಿದ್ದ. ಕೆಳಗೆ ಜನ ಇದ್ದಾರೆ ಅಂತ ತಿಳಿಸುವ ಕೆಂಪು ಬೋರ್ಡ್ ಇಡಬೇಕಾದವರು ಅಣ್ಣ. ಇಡದೆ ಚಹಾಕ್ಕೆ ಹೋದರು. ಬೋಗಿ ಸರಿಯಿತು. ವಿಠ್ಠಲ್ ಕಾಲು ಹೋಯಿತು.
ವಿಚಾರಣೆಯಲ್ಲಿ ಅಣ್ಣ ಹೇಳಿದ್ದು, "ಬೋರ್ಡ್ ನಾನು ಇಟ್ಟಿದ್ದೆ. ಅವನೇ ತೆಗೆದ."
ಎಲ್ಲರೂ ನಂಬಿದರು. ತಪ್ಪು ತನ್ನದೇ ಎನ್ನಿಸಿಕೊಂಡೇ ವಿಠ್ಠಲ್ ಸತ್ತ.

ಹೇಳಿ ಮುಗಿಸಿ ಅಣ್ಣ ನನ್ನ ಕಡೆ ತಿರುಗಿದರು. "ಕ್ಷಮಾ ಕೇಳಾಕ ಮನಷ್ಯಾನೇ ಇಲ್ಲ ತಂಗಿ. ಅದಕ್ಕ ಗ್ಲಾಸ್ ತೊಳೀತೀನಿ."

ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ಬಹಳ ಮೆತ್ತಗಿನ ಮನುಷ್ಯ. ಅವತ್ತು ಮಾತ್ರ ಗದರಿದರು.
"ಗ್ಲಾಸು ತೊಳೆದರೆ ಗ್ಲಾಸು ಶುದ್ಧ ಆಗುತ್ತೆ ಸಾಮ್ಯುವೆಲ್. ಪಾಪ ತೊಳೆಯೋದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಯೇಸು ಶಿಲುಬೆಗೆ ಹೋಗಿದ್ದು. ನೀವು ನಿಜ ಒಪ್ಪಿಕೊಳ್ಳಿ, ತಿರುಗಿಕೊಳ್ಳಿ, ನಂಬಿ. ಉಳಿದದ್ದು ಆತನ ಕೆಲಸ."

ಮುಂದಿನ ವಾರ ಅಣ್ಣ ನನ್ನನ್ನು ಕನ್ಹಾನ್‌ಗೆ ಕರೆದುಕೊಂಡು ಹೋದರು. ವಿಠ್ಠಲ್ ಹೆಂಡತಿ ಸುಮನ್ ಬಾಯಿ ಅಲ್ಲಿರುತ್ತಾರೆ. ಮೈದುನರನ್ನೂ ಅಕ್ಕಪಕ್ಕದವರನ್ನೂ ಕರೆಯಿರಿ ಎಂದರು. ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ, ನಿಜವೂ ನಾಲ್ಕು ಜನರ ಮುಂದೆಯೇ ಆಗಬೇಕು ಅಂತ.
ಹೇಳಿದರು. ನಿಂತುಕೊಂಡೇ.

ಆಕೆ ಕೇಳಿಸಿಕೊಂಡು ಒಳಗೆ ಹೋಗಿ ಚಹಾ ತಂದರು.
"ಚಹಾ ಘ್ಯಾ. ಮಾಫೀ ಮಾಗೂ ನಕಾ."
ಚಹಾ ತಗೊಳ್ಳಿ, ಮಾಫಿ ಕೇಳಬೇಡಿ... ಅಷ್ಟೇ.

ಬರುವಾಗ ಕಾರಿನಲ್ಲಿ ನಾನು ಪೆಚ್ಚಾಗಿ ಕೂತಿದ್ದೆ. ಅಣ್ಣನ ಕಣ್ಣಲ್ಲಿ ನೀರು. ಆದರೆ ಮಾತು ಹಗುರ.
"ಆಕಿ ಅಂದದ್ದು ಬರೋಬರ್ ಐತಿ. ಆಕಿ ಸಂಕಟ ಆಕೀಗೆ ಗೊತ್ತು. ಆದ್ರ ನಾ ಇನ್ನ ಮುಚ್ಚಿಡೂದೇನಿಲ್ಲ ನೋಡು. ದೇವ್ರ ಮುಂದ ಈಗ ನಿಲ್ಲಾಕ ಬರ್ತೈತಿ."

ಅಣ್ಣಾ...
ಆಮೇಲೆ ಆರಾಧನೆ ಇದ್ದ ಭಾನುವಾರ ನೆನಪಿದೆಯಾ?
ರೊಟ್ಟಿ ತಗೊಂಡಿರಿ. ಮೊಟ್ಟಮೊದಲ ಸಲ. ನಾನು ಪಕ್ಕದ ಕುರ್ಚಿಯಲ್ಲಿ ನಿಮ್ಮನ್ನೇ ನೋಡುತ್ತಾ ಕೂತಿದ್ದೆ.
ಟ್ರೇ ಬಂತು. ನಾನು ನನ್ನ ಗ್ಲಾಸು ಎತ್ತಿಕೊಂಡೆ. ನೀವು ಕೈ ಚಾಚಿದಿರಿ...
ಟ್ರೇ ಖಾಲಿ.
ರೂಢಿಯಂತೆ ನೀವೇ ಒಂದು ಕಡಿಮೆ ತುಂಬಿಸಿದ್ದಿರಿ!

ನಿಮ್ಮ ಮುಖ ನೋಡಬೇಕಿತ್ತು ಅಣ್ಣಾ.
"ನೋಡಿದ್ಯಾ ತಂಗಿ... ನನಗಿಲ್ಲ ಅದು" ಅಂದಿರಿ.
ನನಗೆ ಸಿಟ್ಟು ಬಂತು, ನಗುವೂ ಬಂತು.
"ನೀವು ಲೆಕ್ಕ ತಪ್ಪಿದ್ರೆ ದೇವರೇನು ಮಾಡ್ತಾನೆ? ತಗೊಳ್ಳಿ" ಅಂತ ನನ್ನ ಗ್ಲಾಸನ್ನೇ ನಿಮ್ಮ ಕೈಗಿಟ್ಟೆ.
ಅಯ್ಯನವರು ನೋಡಿಯೂ ನೋಡದವರಂತೆ ಕಾದರು.
ನೀವು ಕುಡಿದಿರಿ.
ಅವತ್ತು ಗ್ಲಾಸು ತೊಳೆಯುವಾಗ ಹಾಡಿಕೊಳ್ಳುತ್ತಿದ್ದಿರಿ... ಎಷ್ಟು ಕೆಟ್ಟದಾಗಿ ಹಾಡುತ್ತೀರಿ ನೀವು.

ಫ್ರೆಂಡ್ಸ್, ಅಳು ಬರುತ್ತಿದೆ, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನಿರಾಳ. ಅಣ್ಣ ಹೋದ ವರ್ಷ ಹೋಗಿದ್ದರೆ ಆ ಭಾರ ಹೊತ್ತೇ ಹೋಗುತ್ತಿದ್ದರು. ಈಗ ಹಾಗಲ್ಲ. ಥ್ಯಾಂಕ್ ಗಾಡ್... ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ಸುಮನ್ ಬಾಯಿಗೂ ಫೋನ್ ಮಾಡಿ ತಿಳಿಸಿದೆ.
ಅವರು, "ಮಾತೀ ಕಿತೀ ವಾಜತಾ?"
ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಅಂತ ಕೇಳಿದರು. ಹೇಳಿದೆ.

ಈಗ ಅಣ್ಣನ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅಡುಗೆಮನೆಯ ಕಟ್ಟೆ ಮೇಲೆ ಪಾತ್ರೆಯಲ್ಲಿ ಒಣದ್ರಾಕ್ಷಿ ನೆನೆಯುತ್ತಿದೆ. ನಾಳೆ ಆರಾಧನೆ.
ಎಸ್ತೇರ್ ಅಕ್ಕ ಕಣ್ಣೊರೆಸಿಕೊಂಡು, "ಅವ್ರು ನೆನಸಿಟ್ಟಾರ. ಕೆಡಸಬಾರ್ದು. ಜರಾ ಕುದಸ್ತೀ ಏನವ್ವಾ?" ಎಂದರು.
ಕುದಿಸುತ್ತೇನೆ ಅಕ್ಕ.

ಹೋಗಿ ಬನ್ನಿ ಅಣ್ಣಾ.
ನೀವು ನಂಬಿದಾತನ ಬಳಿ ಸಮಾಧಾನವಾಗಿ ಕೂತುಕೊಳ್ಳಿ.
ಅಲ್ಲಿ ಗ್ಲಾಸು ತುಂಬಿಸುವವರು ನೀವಲ್ಲ...
ನಿಮ್ಮ ತಲೆಯನ್ನೂ ಎಣಿಸಿರುತ್ತಾರೆ.